ನೆಲ ಮುಟ್ಟದ ಮೊರ

ಗೌರಿಹಬ್ಬದ ದಿನ ಮೂಡಲು ಕೆಂಪಾಗುವ ಮೊದಲೇ ಕಡಬದ ಕೆರೆ ಏರಿಯ ಮೇಲೆ ಒಂದು ಸೈಕಲ್ಲು ಹೋಗುತ್ತದೆ. ತುಳಿಯುವವನು ಚಿಕ್ಕಮಾರಯ್ಯ. ಹಿಂದಿನ ಕ್ಯಾರಿಯರಿನ ಮೇಲೆ ಅರಿಸಿನ ಬಳಿದ ಜೋಡಿ ಮೊರ, ಒಂದರ ಮೇಲೊಂದು ಕವುಚಿ ಹಳೇ ಸೀರೆಯ ಅಂಚಿನಿಂದ ಬಿಗಿದದ್ದು. ತಂಗಿ ಹೊಂಬಾಳಮ್ಮನನ್ನು ಹುಲಿಯೂರುದುರ್ಗದ ಆಚೆ, ಬೆಟ್ಟಗಳ ಸಂದಿಯಲ್ಲಿರುವ ಕಣಿವೆಪಾಳ್ಯಕ್ಕೆ ಕೊಟ್ಟ ವರ್ಷದಿಂದ ಇದು ತಪ್ಪಿದ್ದಿಲ್ಲ. ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವರು, "ಓಹೋ, ಮಾರಯ್ಯ ಹೊಂಟ, ಇವತ್ತು ಗೌರಿ ಕಣ್ರಪ್ಪ" ಎನ್ನುತ್ತಿದ್ದರು. ಕ್ಯಾಲೆಂಡರು ನೋಡದವರಿಗೂ ಅವನ ಸೈಕಲ್ಲೇ ಪಂಚಾಂಗ.

ಈ ಸಲ ಏರಿಯ ಮೇಲೆ ಎದುರಾದವರು ಯಾರೂ ಬಾಯಿಬಿಡಲಿಲ್ಲ. ಮೊರದ ಕಡೆ ನೋಡಿದರು, ಅವನ ಮುಖ ನೋಡಿದರು, ಆಮೇಲೆ ಕೆರೆಯ ನೀರಿನಲ್ಲಿ ಏನೋ ಕಂಡವರಂತೆ ಅತ್ತ ತಿರುಗಿಕೊಂಡರು. ಹೊಂಬಾಳಮ್ಮನ ಗಂಡ ದ್ಯಾವಪ್ಪ ಹೋದ ಮಾಘದಲ್ಲಿ ತೀರಿಕೊಂಡಿದ್ದು ಕಡಬಕ್ಕೆಲ್ಲ ಗೊತ್ತು. ಬಾಗಿನ ಮುತ್ತೈದೆಯ ಸ್ವತ್ತು. ಗಂಡ ಸತ್ತವಳಿಗೆ ಸೀರೆ ಕೊಡುತ್ತಾರೆ, ಹಣ್ಣುಕಾಯಿ ಕೊಡುತ್ತಾರೆ, ಮೊರ ಕೊಡುವುದಿಲ್ಲ. ಕೊಟ್ಟವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಚಿಕ್ಕಮಾರಯ್ಯ ಕೊಡುವುದಕ್ಕೇ ಹೊರಟಿದ್ದ. ತಂಗಿ ಸೆರಗೊಡ್ಡಿ ಇಸಕೊಳ್ಳುತ್ತಾಳೋ ಇಲ್ಲವೋ ಎಂಬುದೊಂದೇ ಅವನ ಎದೆಯೊಳಗೆ ಗಿರಕಿ ಹೊಡೆಯುತ್ತಿತ್ತು.

ಹಿಂದಿನ ಸಂಜೆ ಅವನು ಗುಬ್ಬಿಯ ಮೇದರ ಕೇರಿಯಿಂದ ಹೊಸ ಮೊರ ತಂದು ಜಗುಲಿಯ ಮೇಲೆ ಇಟ್ಟಾಗಲೇ ಹೆಂಡತಿ ಹನುಮಕ್ಕನ ಮುಖ ಬಾಡಿತ್ತು.

"ಸೀರೆ ತಗಂಡೋಗಿ. ಎಂಟು ಕಾಯಿ ಜಾಸ್ತೀನೇ ತಗಂಡೋಗಿ. ಬ್ಯಾಡ ಅಂದೋರ್ಯಾರು? ಮೊರ ಬ್ಯಾಡ."

"ಯಾಕ್ ಬ್ಯಾಡ?"

"ಯಾಕೆ ಅಂತ ನನ್ ಬಾಯಲ್ಲಿ ಹೇಳುಸ್ಬೇಡಿ."

"ನಾನೇ ಹೇಳ್ತೀನಿ ಬುಡು. ಗಂಡ ಸತ್ತ, ಸರಿ. ಅಣ್ಣ ಸತ್ತವ್ನಾ? ಇದು ಗಂಡನ ಮನೆ ಬಾಗಿನ ಅಲ್ಲ ಕಣೇ, ತವರುಮನೇದು. ತವರು ಇನ್ನೂ ಉಸಿರಾಡ್ತಾ ಅದೆ."

ಹನುಮಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಹೋದಳು. ಆದರೂ ಮನಸ್ಸು ತಡೆಯದೆ ಆಮೇಲೆ ತಾನೇ ಬಂದು ಮೊರಕ್ಕೆ ಅರಿಸಿನ ಬಳಿದಳು. ಅಕ್ಕಿ, ಬೇಳೆ, ಬೆಲ್ಲದಚ್ಚು, ಕಾಯಿ, ರವಿಕೆಕಣ ಎಲ್ಲವನ್ನೂ ತುಂಬಿದಳು. ಬಳೆ, ಕರಿಮಣಿ, ಕುಂಕುಮದ ಪೊಟ್ಟಣದ ಹತ್ತಿರ ಬಂದಾಗ ಅವಳ ಕೈ ನಿಂತಿತು. ಅವನ್ನು ಚಿಕ್ಕಮಾರಯ್ಯನೇ ಇಟ್ಟ.

ಹಾಲಿನ ಟೆಂಪೋ ಓಡಿಸುವ ಮಗ ರವಿಕಿರಣ್ ಬಾಗಿಲಿಗೆ ಒರಗಿ ನಿಂತಿದ್ದ. "ಅಪ್ಪಯ್ಯ, ಹೋಗ್ಲೇಬೇಕು ಅಂದ್ರೆ ಬೈಕಲ್ಲಿ ಬುಟ್ಬತ್ತೀನಿ. ಈ ವಯಸ್ಸಲ್ಲಿ ದುರ್ಗದ ಏರು ತುಳೀತೀಯಾ? ಮಂಡಿ ನೋವು ಅಂತ ರಾತ್ರಿಯೆಲ್ಲಾ ಎಣ್ಣೆ ತಿಕ್ಕುಸ್ಕತೀಯ."

"ನಿನ್ ಬೈಕಿಗೆ ಬೆಲ್ಲಿಲ್ಲ."

"ಹಾರನ್ ಅದೆ."

"ಹಾರನ್ ಎಲ್ರದ್ದೂ ಒಂದೇ ಕಣ್ಲಾ. ನನ್ ಬೆಲ್ಲು ಅವಳಿಗೆ ಗೊತ್ತು."

ಆ ಬೆಲ್ಲಿಗೆ ಒಂದು ಕಥೆಯಿದೆ. ಅಪ್ಪ ಅವ್ವ ಇಬ್ಬರೂ ಒಂದೇ ವರ್ಷ ಹಿಂದೆಮುಂದೆ ಹೋದಾಗ ಹೊಂಬಾಳೆ ಇನ್ನೂ ಲಂಗ ಉಡುವ ಹುಡುಗಿ. ಅವಳನ್ನು ಸಾಕಿದವನು ಅಣ್ಣನೇ. ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುವುದು ಅವನ ಕಸುಬು. ಸುಲಿಯುವ ಕಬ್ಬಿಣವನ್ನು ಕ್ಯಾರಿಯರಿಗೆ ಕಟ್ಟಿ, ತಂಗಿಯನ್ನು ಮುಂದಿನ ಬಾರಿನ ಮೇಲೆ ಕೂರಿಸಿ, ಅವಳನ್ನು ಇಸ್ಕೂಲಿಗೆ ಬಿಟ್ಟು ತಾನು ತೋಟಕ್ಕೆ ಹೋಗುತ್ತಿದ್ದ. ಒಂದು ದಿನ ಅವನು ಮಲಗಿದ್ದಾಗ ಅವಳು ಸೈಕಲ್ ಕದ್ದು ತುಳಿಯಲು ಹೋಗಿ ಕಳ್ಳಿಬೇಲಿಗೆ ಬಿದ್ದಳು. ಮೈತುಂಬ ಮುಳ್ಳು. ಸೈಕಲ್ಲಿಗೆ ಬೇರೇನೂ ಆಗಲಿಲ್ಲ, ಬೆಲ್ಲಿನ ಬಟ್ಟಲು ಮಾತ್ರ ಸೀಳಿತು. ಅಂದಿನಿಂದ ಅದು ಕಿಣಿಕಿಣಿ ಅನ್ನುವುದು ಬಿಟ್ಟು, ನೆಗಡಿಯಾದ ಮೇಕೆಮರಿಯ ಹಾಗೆ ಒಡಕು ದನಿಯಲ್ಲಿ ಕಿರುಗುಟ್ಟತೊಡಗಿತು. ಹೊಸದು ಹಾಕಿಸೋಣವೆಂದರೆ ಹೊಂಬಾಳೆ ಬಿಡಲಿಲ್ಲ. "ಇದೇ ಇರ್ಲಿ ಅಣ್ಣಯ್ಯ. ಸಂತೇಲಿ ನೂರು ಸೈಕಲ್ ಇದ್ರೂ ನಿಂದು ಅಂತ ಗೊತ್ತಾಯ್ತದೆ."

ಮದುವೆಯಾಗಿ ಗಾಡಿ ಹತ್ತುವಾಗಲೂ ಅವಳು ಅತ್ತುಕೊಂಡು ಹೇಳಿದ್ದು ಅದನ್ನೇ. "ಗೌರಿಗೆ ಬಾ. ಕಟ್ಟೆ ತಿರುವಲ್ಲಿ ಬೆಲ್ ಹೊಡಿ. ನಾನು ಓಡ್ಬತ್ತೀನಿ." ಮೊದಲ ವರ್ಷ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮಗ ಅಂಜನಮೂರ್ತಿ ಹುಟ್ಟಿದ ವರ್ಷ ಕೂಸನ್ನು ಎದೆಗೆ ಅವುಚಿಕೊಂಡು ಓಡಿಬಂದಳು. ಕೂದಲು ನೆರೆತ ಮೇಲೂ ಓಟ ನಿಲ್ಲಲಿಲ್ಲ. ಅವಳ ಹಿಂದೆ ದ್ಯಾವಪ್ಪ ನಗುತ್ತ ನಿಧಾನಕ್ಕೆ ಬರುತ್ತಿದ್ದ. "ನಾನ್ ಸಂತೆಯಿಂದ ಬಂದ್ರೆ ಒಂದು ಚೊಂಬು ನೀರಿಗೂ ಗತಿಯಿಲ್ಲ. ಬಾವನ ಬೆಲ್ಲಿಗೆ ನೋಡು, ಕುದುರೆ ಹಂಗೆ ಓಡ್ತಾಳೆ."

ಚಿಕ್ಕಮಾರಯ್ಯ ಸಿ.ಎಸ್. ಪುರ ದಾಟುವಾಗ ಬೆಳಕಾಯಿತು. ಮೋಡ ಮುಚ್ಚಿದ ಬೆಳಕು. ಎದುರುಗಾಳಿ ತೆಂಗಿನ ಗರಿಗಳನ್ನೆಲ್ಲ ಒಂದೇ ಮಗ್ಗುಲಿಗೆ ಬಾಚಿತ್ತು. ಹರೆಯದಲ್ಲಿ ಗಾಳಿಯನ್ನು ಕೊಂಬು ಹಿಡಿದು ನೂಕುತ್ತಿದ್ದ ಮೈ ಈಗ ಗಾಳಿ ಹೇಳಿದ ಹಾಗೆ ಕೇಳುತ್ತಿತ್ತು. ಬಲಮಂಡಿ ಪೆಡಲು ಒತ್ತಿದಾಗೊಮ್ಮೆ ಒಣಸೌದೆ ಮುರಿದ ಹಾಗೆ ಅನ್ನುತ್ತಿತ್ತು. ಸೀಟಿನಿಂದ ಎದ್ದುನಿಂತು ತುಳಿದರೆ ಹಿಂದಿನ ಮೊರ ಅಲುಗಾಡುತ್ತದೆ. ಆದ್ದರಿಂದ ಕೂತೇ ತುಳಿಯಬೇಕು.

ಇನ್ನೊಂದು ಕಟ್ಟುಪಾಡೂ ಇತ್ತು. ಅವರ ಅವ್ವ ಬದುಕಿದ್ದಾಗ ಹೇಳಿದ್ದು: ಬಾಗಿನದ ಮೊರ ಒಂದು ಸಲ ಹೊಸ್ತಿಲು ದಾಟಿದರೆ ತಗೊಳ್ಳುವವಳ ಸೆರಗಿಗೇ ಇಳಿಯಬೇಕು, ನಡುವೆ ನೆಲ ಮುಟ್ಟಬಾರದು; ಮುಟ್ಟಿದರೆ ಅವಳ ಮುತ್ತೈದೆತನಕ್ಕೆ ಕೇಡು. ಚಿಕ್ಕಮಾರಯ್ಯ ಇಷ್ಟು ವರ್ಷವೂ ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಒಂದು ವರ್ಷ ಜಡಿಮಳೆಯಲ್ಲಿ ಸೈಕಲ್ಲು ಜಾರಿ ಅಡಿಗೆ ತಾನು ಬಿದ್ದು, ಮೊರವನ್ನು ಎರಡು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದು, ಕೆಸರಿನಲ್ಲಿ ಅಂಗಾತ ಬಿದ್ದಿದ್ದ. ದಾರಿಹೋಕರು ಬಂದು ಮೊದಲು ಮೊರ ಇಸಕೊಂಡು ಆಮೇಲೆ ಅವನನ್ನು ಎಬ್ಬಿಸಿದ್ದರು.

ಕುಣಿಗಲ್ಲಿನಲ್ಲಿ ಕೆರೆಯ ಮಗ್ಗುಲಿಗೆ ನರಸಿಂಹಯ್ಯನ ಟೀ ಅಂಗಡಿ. ವರ್ಷಕ್ಕೊಂದೇ ಸಲದ ಗಿರಾಕಿಯಾದರೂ ಅವನಿಗೆ ಚಿಕ್ಕಮಾರಯ್ಯನ ಗುರುತು ಮಾಸುವುದಿಲ್ಲ.

"ಏನ್ ಗೌಡ್ರೇ, ಈ ಸೈಕಲ್ಗೆ ಇನ್ನೂ ರಿಟೈರ್‌ಮೆಂಟ್ ಕೊಟ್ಟಿಲ್ವಾ?"

"ಅದು ಕೇಳ್ತಿಲ್ಲ. ನಾನ್ ಕೇಳಿದ್ರೆ ಅದು ಕೊಡ್ತಿಲ್ಲ."

ನರಸಿಂಹಯ್ಯ ನಗುತ್ತ ಬನ್ನು ಟೀ ಕೊಟ್ಟ. ಚಿಕ್ಕಮಾರಯ್ಯ ಎಂದಿನಂತೆ ಬೆಂಚಿನ ಮೇಲೆ ಕೂರದೆ, ಒಂದು ಕೈ ಮೊರದ ಮೇಲಿಟ್ಟು ನಿಂತೇ ಕುಡಿದ. ಬೇಗ ಕುಡಿದ. ಅಂಗಡಿಯವನು ಮನೆಕಡೆ ಸಮಾಚಾರ ಕೇಳುವಷ್ಟರಲ್ಲಿ ಹೊರಟುಬಿಡಬೇಕಾಗಿತ್ತು.

ಹೆದ್ದಾರಿ ದಾಟಿ ದುರ್ಗದ ದಾರಿ ಹಿಡಿದ ಮೇಲೆ ನೆಲ ಮೆಲ್ಲಗೆ ಏಳತೊಡಗುತ್ತದೆ. ಮೊದಲು ಅದು ಕಣ್ಣಿಗೆ ಕಾಣದು, ಕಾಲಿಗೆ ಮಾತ್ರ ಗೊತ್ತಾಗುವ ಏರು. ಆಮೇಲೆ ಬಂಡೆಗಳು ಹೊಲಗಳ ನಡುವೆ ತಲೆ ಎತ್ತುತ್ತವೆ, ಬೆಟ್ಟದ ಮೇಲೆ ಬೆಟ್ಟ ಹತ್ತಿ ಕೂತಿರುತ್ತದೆ. ದುರ್ಗದ ಪೇಟೆ ಕಳೆದು ಕಣಿವೆಪಾಳ್ಯದ ಕವಲು ಹಿಡಿದಮೇಲಂತೂ ದಾರಿ ಗೋಡೆಗೆ ಏಣಿ ಹಾಕಿದ ಹಾಗೆ. ಚಿಕ್ಕಮಾರಯ್ಯ ಒಂದು ಕಾಲದಲ್ಲಿ ಹಾಡು ಗುನುಗುತ್ತ ಹತ್ತಿದ ಏರು ಅದು. ಈಗ ಮೊದಲ ತಿರುವಿನಲ್ಲೇ ಇಳಿದ. ಎಡಗೈಯಲ್ಲಿ ಹ್ಯಾಂಡಲ್ಲು, ಬಲಗೈಯಲ್ಲಿ ಕ್ಯಾರಿಯರು ಹಿಡಿದು, ಎತ್ತಿನ ಹಾಗೆ ತಲೆ ತಗ್ಗಿಸಿ ನೂಕಿದ. ಬೆವರು ಕಣ್ಣಿಗಿಳಿಯಿತು. ಒಂದೊಂದು ತಿರುವಿಗೂ ನಿಂತು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಉಸಿರು ತಿರುಗಿಸಿಕೊಂಡ. ಎದೆ ಕಮ್ಮಾರನ ತಿದಿಯಾಗಿತ್ತು.

ನೆತ್ತಿಗೆ ಇನ್ನೇನು ಬಂತು ಅನ್ನುವಾಗ ಹಿಂದಿನ ಚಕ್ರ ಉಸ್ ಎಂದಿತು. ಪಂಚರು.

ಅಲ್ಲೇ ಮೇಲೆ ಹೊರೆಗಲ್ಲು ಇತ್ತು. ಎರಡು ಕಂಬ ನೆಟ್ಟು ಅಡ್ಡಕ್ಕೆ ಒಂದು ಚಪ್ಪಡಿ ಹಾಕಿರುವ, ಹೆಗಲ ಎತ್ತರದ ಕಲ್ಲು. ತಲೆಹೊರೆ ಹೊತ್ತು ಬೆಟ್ಟ ಹತ್ತಿದವರು ಇನ್ನೊಬ್ಬರ ಕೈ ಬೇಡದೆ ಹೊರೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತು ನಡೆಯಲೆಂದು ಯಾರೋ ಪುಣ್ಯಾತ್ಮರು ಹಿಂದೆ ನಿಲ್ಲಿಸಿದ್ದು. ಈಗ ತಲೆಹೊರೆಯವರಿಲ್ಲ. ಕಲ್ಲಿನ ಮೇಲೆ ಯಾರೋ ಫೋನ್ ನಂಬರು ಬರೆದಿದ್ದರು. ಚಿಕ್ಕಮಾರಯ್ಯ ಮೊರ ಬಿಚ್ಚಿ ಅದರ ಮೇಲೆ ಇಡಲು ಹೆಣಗುತ್ತಿದ್ದಾಗ ಹಿಂದಿನಿಂದ ಇನ್ನೊಂದು ಸೈಕಲ್ಲು ಬಂದು ನಿಂತಿತು. ಕಡ್ಡಿಯಷ್ಟು ತೆಳುವಾದ ಸೈಕಲ್ಲು. ಮೇಲಿದ್ದವನು ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಮೈಗೆ ಅಂಟಿದ ಬಟ್ಟೆ ಹಾಕಿದ್ದ.

"ಅಂಕಲ್, ಹಿಡ್ಕೊಳ್ಳಾ? ಕೆಳಗಿಟ್ಬಿಡಿ, ನಾನ್ ನೋಡ್ಕೋತೀನಿ."

"ಅಯ್ಯಯ್ಯೋ, ಕೆಳಗಲ್ಲಪ್ಪ! ಕಲ್ಲಿನ್ ಮ್ಯಾಲೆ, ಕಲ್ಲಿನ್ ಮ್ಯಾಲೆ!"

ಅವನು ತುಮಕೂರಿನ ಶೆಟ್ಟಿಹಳ್ಳಿಯ ಲಕ್ಷ್ಮೀಕಾಂತ್. ರಜಾದಿನ ಬೆಟ್ಟ ಬೆಟ್ಟ ಸುತ್ತುವುದು ಅವನ ಹವ್ಯಾಸ. ನಸುಕಿಗೆ ಹೊರಟು ಕುಣಿಗಲ್, ದುರ್ಗ, ಮಾಗಡಿ ಬೆಟ್ಟ, ಶಿವಗಂಗೆ ಸುತ್ತಿಕೊಂಡು ಸಂಜೆಗೆ ಮನೆ ಸೇರುತ್ತಾನಂತೆ.

"ನೀವೆಲ್ಲಿಂದ ಅಂಕಲ್?"

"ಕಡಬ."

"ಗುಬ್ಬಿ ಕಡಬಾನಾ? ಈ ಸೈಕಲ್ಲಲ್ಲಾ? ಗೇರಿಲ್ವಲ್ಲ!"

"ಗೇರು ಮಂಡೀಲದೆ. ಈಗ ಅದೂ ಸವೆದೋಗ್ಯದೆ."

ಲಕ್ಷ್ಮೀಕಾಂತ್ ಜೋರಾಗಿ ನಕ್ಕ. ನಗುತ್ತಲೇ ಕೆಳಗೆ ಕೂತು ಟೈರು ಬಿಡಿಸಲು ಕೈಹಾಕಿದ. ಅವನ ಕೈ ಚುರುಕಾಗಿತ್ತು. ಮುಳ್ಳನ್ನು ಅವನೇ ಹುಡುಕಿ ತೆಗೆದ. ಟ್ಯೂಬಿಗೆ ಉಪ್ಪುಕಾಗದ ಉಜ್ಜುತ್ತ ಮೊರದ ಕಡೆ ಗಲ್ಲ ಎತ್ತಿ ಕೇಳಿದ: "ತಂಗಿಗಾ?"

"ಹೂಂ. ತಂಗಿಗೆ."

"ಪುಣ್ಯ ಮಾಡಿದ್ರು ಬಿಡಿ. ನಮ್ಮ ಮಾವ ಅಮ್ಮಂಗೆ ಫೋನಲ್ಲೇ ದುಡ್ಡು ಹಾಕ್ತಾರೆ, ಮೇಲೊಂದು ಗೌರಮ್ಮನ ಫೋಟೋ. ಅಮ್ಮ ಅದನ್ನೇ ಕಣ್ಣಿಗೊತ್ಕೋತಾಳೆ." ಪ್ಯಾಚು ಒತ್ತಿ ಹಿಡಿದುಕೊಂಡು ಮತ್ತೆ ಕೇಳಿದ: "ಭಾವನೋರು ಏನ್ ಮಾಡ್ಕೊಂಡಿದಾರೆ?"

"ರೇಷ್ಮೆ ಮಾಡ್ತಾರೆ," ಎಂದ ಚಿಕ್ಕಮಾರಯ್ಯ.

ಬಾಯಿಗೆ ಬಂದದ್ದು ಹಾಗೆ. ಮಾಡ್ತಿದ್ದರು ಅನ್ನಬೇಕಾಗಿತ್ತು. ಹಾಗಂದಿದ್ದರೆ ಮುಂದಿನ ಮಾತೂ ಹೇಳಬೇಕಾಗುತ್ತಿತ್ತು, ಈ ಒಳ್ಳೆಯ ಹುಡುಗನ ಕಣ್ಣೂ ಮೊರದ ಕಡೆ ಆ ಏರಿಯ ಜನರ ಹಾಗೆಯೇ ತಿರುಗುತ್ತಿತ್ತು. ದ್ಯಾವಪ್ಪ ಆ ಒಂದು ಮಾತಿನ ಹೊತ್ತು ಬದುಕಿ, ಸೊಪ್ಪಿನ ಹೊರೆ ಹೊತ್ತು ಹೋದ ಹಾಗಾಯಿತು. ಚಿಕ್ಕಮಾರಯ್ಯ ತಲೆಬಗ್ಗಿಸಿ ಪಂಪು ಹೊಡೆದ.

ಹುಡುಗ ಮೊರದ ಜೊತೆ ಅವನ ಫೋಟೋ ಹಿಡಿದುಕೊಂಡು, "ತಂಗಿಗೆ ನನ್ನ ನಮಸ್ಕಾರ ಹೇಳಿ ಅಂಕಲ್," ಎಂದು ಬಂದ ದಾರಿಯಲ್ಲೇ ದೊಡ್ಡ ರಸ್ತೆಗೆ ಇಳಿದುಹೋದ.

ಇತ್ತ ಕಣಿವೆಪಾಳ್ಯದ ಇಳಿಜಾರು ಕಡಿದು. ಎರಡೂ ಬ್ರೇಕು ಹಿಡಿದು ಬೆರಳು ಮರಗಟ್ಟಿದವು. ರಿಮ್ಮು ಕಾದು ರಬ್ಬರಿನ ವಾಸನೆ ಬಂತು. ಕೆಳಗೆ ಊರಿನ ಹೆಂಚು, ಕಟ್ಟೆಯ ನೀರು, ಅದರಾಚೆ ಹಿಪ್ಪುನೇರಳೆಯ ಹಸಿರು ಕಂಡಾಗ ಬೆಳಗಿನಿಂದ ಬಿಗಿಹಿಡಿದಿದ್ದ ಅನುಮಾನ ತಾನಾಗಿ ಸಡಿಲವಾಯಿತು. ಓಡಿಬರುತ್ತಾಳೆ. ಬಂದೇ ಬರುತ್ತಾಳೆ. ಕಟ್ಟೆಯ ತಿರುವಿನಲ್ಲಿ ಹೆಬ್ಬೆರಳಿನಿಂದ ಬೆಲ್ಲು ಒತ್ತಿದ. ಮೇಕೆಮರಿ ಕಿರುಗುಟ್ಟಿತು.

ಯಾರೂ ಬರಲಿಲ್ಲ.

ಮತ್ತೆ ಒತ್ತಿದ. ಪೂಜೆ ಮುಗಿಸಿ ಹೊಸ ಸೀರೆಯುಟ್ಟು ಅರಿಸಿನ ಕುಂಕುಮಕ್ಕೆ ಮನೆಮನೆ ಸುತ್ತುತ್ತಿದ್ದ ಹೆಂಗಸರು ಬೀದಿಯಲ್ಲಿ ನಿಂತು ನೋಡಿದರು. ಮಕ್ಕಳು ಸೈಕಲ್ಲಿನ ಹಿಂದೆ ಬಿದ್ದವು. ಅವನು ಬೆಲ್ಲು ಬಾರಿಸುತ್ತಲೇ ತಂಗಿಯ ಮನೆ ಬಾಗಿಲಿಗೆ ಬಂದು ಕಾಲೂರಿದ. ಒಳಗಿನಿಂದ ಬಂದವಳು ಅಂಜನಮೂರ್ತಿಯ ಹೆಂಡತಿ ಕೋಮಲಾ. ಕೈಯಲ್ಲಿ ಆರತಿ ತಟ್ಟೆ ಇತ್ತು. ಮೊರ ನೋಡಿದ್ದೇ ಅವಳ ಮುಖದ ರಕ್ತ ಇಳಿಯಿತು.

"ತಾತ... ಬನ್ನಿ," ಎಂದಳು, ಬಾಗಿಲು ಬಿಟ್ಟು ಕದಲಲಿಲ್ಲ.

"ಯಾರ್ಗಪ್ಪಾ ಆ ಮೊರ?" ಎಂದು ಬೀದಿಯಲ್ಲಿ ಒಬ್ಬಳು ಮುದುಕಿ ಕೇಳಿದಳು. "ಕೋಮಲಂಗಿರ್ಬೇಕು ಸುಮ್ನಿರಜ್ಜಿ," ಎಂದಿತು ಇನ್ನೊಂದು ದನಿ. "ಅವ್ಳಿಗೆ ಅವ್ರಣ್ಣ ಬೆಳಗ್ಗೇನೇ ತಂದ್ಕೊಟ್ನಲ್ಲ?" ಎಂದಿತು ಮತ್ತೊಂದು.

ಅಂಜನಮೂರ್ತಿ ಒಳಗಿನಿಂದ ಓಡಿಬಂದು ಹ್ಯಾಂಡಲ್ಲಿಗೆ ಕೈ ಹಾಕಿದ. ಕಿವಿಯ ಹತ್ತಿರ ಬಾಯಿ ತಂದು, "ಮಾವ, ಸೈಕಲ್ ಒಳಗಡೆ ತಗಳಿ. ಕೋಮಲಂಗೆ ಅಂತ ಹೇಳ್ಬುಡಿ. ನಿಮ್ ಕಾಲ್ ಹಿಡ್ಕತೀನಿ," ಎಂದ.

"ಇದು ನಿಮ್ಮವ್ವಂದು. ಎಲ್ಲವ್ಳೆ?"

"ಮಾವ—"

"ಎಲ್ಲವ್ಳೆ ಅಂತ ಕೇಳ್ದೆ ಕಣೋ."

ಉತ್ತರ ಕೊಟ್ಟವಳು ಕೋಮಲಾ. "ಹುಳುವಿನ ಮನೇಲವ್ರೆ ತಾತ. ನಸುಕಲ್ಲೇ ಎದ್ದು ಹೊಂಟೋದ್ರು. ಪೂಜೆ ಮಾಡೋರಿಗೆ ನಾನು ಎದುರಾಗ್ಬಾರ್ದು ಅಂದ್ರು. ನಾವು ಬ್ಯಾಡ ಅಂದೋ. ಕೇಳ್ನಿಲ್ಲ."

ಚಿಕ್ಕಮಾರಯ್ಯ ಸೈಕಲ್ ತಿರುಗಿಸಿದ. ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಅಡಗಿ ಕೂರುವಂಥದ್ದು ಅವಳೇನು ಮಾಡಿದ್ದಾಳೆ? ಇಡೀ ಊರು ನೋಡಲಿ, ಅವಳ ಅಣ್ಣ ಬಂದಿದ್ದಾನೆ. ಊರ ನಡುವಿನಿಂದ ರೇಷ್ಮೆಹುಳು ಸಾಕುವ ಆ ಮನೆಯವರೆಗೂ, ತೋಟದ ಬದುವಿನ ಮೇಲೂ, ಹೆಬ್ಬೆರಳು ಎತ್ತದೆ ಬೆಲ್ಲು ಬಾರಿಸಿಕೊಂಡು ಹೋದ. ಮಕ್ಕಳು ಹೋ ಎಂದು ಹಿಂದೆ ಓಡಿದವು. ಮೂರು ನಾಲ್ಕು ಹೆಂಗಸರು ಬದುವಿನ ತನಕ ಬಂದು ನಿಂತರು.

ಹುಳುವಿನ ಮನೆಯ ತಗಡಿನ ಬಾಗಿಲು ಒಳಗಿನಿಂದ ಹಾಕಿತ್ತು.

"ಹೊಂಬಾಳೆ, ನಾನು ಕಣವ್ವ. ತಗಿ."

ಒಳಗೆ ಹುಳು ಸೊಪ್ಪು ಮೇಯುವ ಸದ್ದು, ಸಣ್ಣಮಳೆಯ ಹಾಗೆ. ಅದರ ನಡುವಿನಿಂದ ಅವಳ ದನಿ ಬಂತು.

"ಆ ಬೆಲ್ ನಿಲ್ಸು ಅಣ್ಣಯ್ಯ."

ಅವನ ಹೆಬ್ಬೆರಳು ತಟ್ಟನೆ ಎದ್ದಿತು. ಆ ದನಿಯನ್ನು ಅವನು ಹಿಂದೆ ಕೇಳಿರಲಿಲ್ಲ.

ಅಂಜನಮೂರ್ತಿ ಹಿಂದೆಯೇ ಬಂದಿದ್ದ. ಮಕ್ಕಳನ್ನು ಗದರಿಸಿದ, ಹೆಂಗಸರಿಗೆ ಕೈಮುಗಿದ. ಎಲ್ಲರೂ ಹೋದಮೇಲೆ, ಅವನೂ ಹೋದಮೇಲೆ, ಬಾಗಿಲು ತೆರೆಯಿತು. ಹೊಂಬಾಳಮ್ಮ ಹೋದ ವರ್ಷ ಅಣ್ಣನೇ ತಂದಿದ್ದ ಹಸಿರು ಸೀರೆ ಉಟ್ಟಿದ್ದಳು. ಹಣೆ ಬೋಳು. ಕೆಲಸಕ್ಕೆಂದು ತಲೆಗೆ ಒಂದು ಚೌಕದ ಬಟ್ಟೆ ಕಟ್ಟಿದ್ದಳು. ಒಂದು ಮಾಘ ಕಳೆದು ಭಾದ್ರಪದ ಬರುವಷ್ಟರಲ್ಲಿ ಅವಳು ಅವರವ್ವನಷ್ಟು ಮುದುಕಿಯಾಗಿದ್ದಳು.

ಚಿಕ್ಕಮಾರಯ್ಯ ಮೊರ ಬಿಚ್ಚಿ ಎರಡು ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತ. ದಾರಿಯುದ್ದಕ್ಕೂ ಹದ ಮಾಡಿಕೊಂಡು ಬಂದಿದ್ದ ಮಾತನ್ನು ಆಡಿದ. "ಗಂಡ ಸತ್ತ, ಸರಿ. ಅಣ್ಣ ಸತ್ತವ್ನಾ?" ಕಡಬದ ಜಗುಲಿಯಲ್ಲಿ ಗುಡುಗಿದ್ದ ಮಾತು ಇಲ್ಲಿ ಹುಳು ಮೇಯುವ ಸದ್ದಿಗಿಂತ ಮೇಲೇಳಲಿಲ್ಲ.

"ಬೆಳಗ್ಗೆಯಿಂದ ಇಲ್ಲಿ ಕೂತಿದ್ದೆ ಅಣ್ಣಯ್ಯ," ಎಂದಳು ಹೊಂಬಾಳಮ್ಮ. "ಯಾರ್ಗೂ ನನ್ ನೆಪ್ಪಿರ್ನಿಲ್ಲ. ಹುಳಕ್ಕೆ ಸೊಪ್ಪಾಕ್ತಾ ಆಕ್ತಾ ನನಗೂ ಮರ್ತೋಗಿತ್ತು, ಇವತ್ತು ಏನ್ ದಿನ ಅಂತ. ನೀನು ಊರಿಗೆಲ್ಲ ಸಾರ್ಕಂಡು ಬಂದೆ. ಇಲ್ಲೊಬ್ಳು ಮುಂಡೆ ಅವಿತ್ಕಂಡವ್ಳೆ, ನೋಡ್ಬನ್ನಿ ಅಂತ."

"ನಾನ್ ಹಂಗ್ ಅನ್ಕಂಡಿರ್ನಿಲ್ಲ ಕಣವ್ವ."

"ಗೊತ್ತು. ನೀನ್ ಹಂಗ್ ಅನ್ಕಳೋನಲ್ಲ. ಅದ್ಕೇ ನಂಗೆ ಬಯ್ಯಕ್ಕೂ ಆಯ್ತಿಲ್ಲ."

ಅವನು ಮೊರವನ್ನು ಇನ್ನೂ ಮುಂದಕ್ಕೆ ಚಾಚಿದ. "ಇಸ್ಕಳವ್ವ. ಯಾರೂ ಇಲ್ಲ ಈಗ. ನಾನು, ನೀನು. ನಿನ್ ಸೆರಗಿಗೆ ಇಳಿಸ್ಬುಟ್ಟು ಸುಮ್ನೆ ಹೊಂಟೋಯ್ತೀನಿ. ನೆಲಕ್ಕೆ ಇಡಂಗಿಲ್ಲ, ಗೊತ್ತಲ್ಲ."

ಹೊಂಬಾಳಮ್ಮ ಮೊರವನ್ನು ನೋಡಿದಳು. ಅರಿಸಿನದ ಮೇಲೆ ಅತ್ತಿಗೆಯ ಬೆರಳಿನ ಗೆರೆಗಳಿದ್ದವು. ಅವಳ ಕೈ ತಾನಾಗಿ ಮುಂದೆ ಬಂದು, ಸೆರಗಿನ ಚುಂಗನ್ನು ಹಿಡಿಯಿತು. ಅವಳು ಸೆರಗನ್ನು ಹರಡಲಿಲ್ಲ. ಸುತ್ತಿ, ಎಳೆದು, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಅಣ್ಣ ಬದ್ಕವ್ನೆ. ಅದ್ಕೇ ಹೆದ್ರಿಕೆ. ಇದನ್ನ ನಾನಿಸ್ಕಂಡು, ನಾಳೆ ನಿಂಗೇನಾರ ಆದ್ರೆ? ನಮ್ಮತ್ಗೆ ಹಣೆ ನನ್ ಹಣೆಯಂಗಾದ್ರೆ? ನನ್ ಕೈಯಿಂದ ಆಯ್ತು ಅಂತ ಹೆಂಗ್ ಬದುಕ್ಲಿ ನಾನು? ನಂಗೆ ಬಾಗಿನ ಬ್ಯಾಡ. ನೀನು ಬೇಕು."

ಚಿಕ್ಕಮಾರಯ್ಯ ಮೊರವನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡ.

"ಹಂಗಾದ್ರೆ ಕೋಮಲಂಗೇ..."

"ಬ್ಯಾಡ," ಎಂದಳು, ಚಿಕ್ಕಂದಿನ ಹಟದ ದನಿಯಲ್ಲಿ. "ನಂದು ಅಂತ ತಂದಿದ್ದು. ಇನ್ಯಾರ್ಗೂ ಕೊಡಬ್ಯಾಡ."

ಅವನು ಮೊರವನ್ನು ಮತ್ತೆ ಕ್ಯಾರಿಯರಿಗೆ ಕಟ್ಟಿದ. ಬೆರಳಿಗೆ ಗಂಟು ಹಾಕುವುದು ಮರೆತುಹೋಗಿತ್ತು. ಅವಳೇ ಹತ್ತಿರ ಬಂದಳು, ಮೊರಕ್ಕೆ ಕೈ ತಾಗದ ಹಾಗೆ ಸೀರೆಯಂಚಿನ ತುದಿ ಮಾತ್ರ ಹಿಡಿದು ಗಂಟು ಬಿಗಿದಳು. ಕೋಮಲಾ ಬುತ್ತಿಯಲ್ಲಿ ಕಟ್ಟಿಕೊಟ್ಟಿದ್ದ ಒಬ್ಬಟ್ಟು ಹಾಗೆಯೇ ಇತ್ತು. ಅದನ್ನು ಎರಡು ಮಾಡಿ ದೊಡ್ಡ ಚೂರು ಅಣ್ಣನಿಗೆ ಕೊಟ್ಟಳು. ಇಬ್ಬರೂ ನಿಂತುಕೊಂಡೇ ತಿಂದರು.

"ಇವತ್ತು ಇದ್ಬುಟ್ಟು ನಾಳೆ ಹೋಗು. ವರ್ಷಾವರ್ಷ ಇರ್ತಿದ್ದೆ."

"ಇದನ್ನ ಎಲ್ಲಿ ಇಳ್ಸಿ ಇರ್ಲವ್ವ?"

ಅವನು ಸೈಕಲ್ ಹೊರಳಿಸಿದಾಗ ಮುಂದಿನ ಚಕ್ರ ಕಲ್ಲಿನ ಮೇಲೆ ಎಗರಿ ಬೆಲ್ಲು ತಾನೇ ಒಂದು ಸಲ ಕಿರುಗು ಎಂದಿತು. ಹಳೇ ಬೆಲ್ಲು, ತಗ್ಗು ಸಿಕ್ಕಲ್ಲೆಲ್ಲ ಹಾಗೆ ಅನ್ನುತ್ತದೆ. ಹೊಂಬಾಳಮ್ಮ ಬದುವಿನ ಕಡೆ ನೋಡಿದಳು. ಆಮೇಲೆ ತಲೆಗೆ ಕಟ್ಟಿದ್ದ ಚೌಕದ ಬಟ್ಟೆ ಬಿಚ್ಚಿದಳು. ತಾನು ಸೀಳಿದ್ದ ಬಟ್ಟಲಿನ ಸುತ್ತ ಅದನ್ನು ಸುತ್ತಿದಳು, ಕೂಸಿಗೆ ಕುಲಾವಿ ಕಟ್ಟುವ ಹಾಗೆ ಮೆತ್ತಗೆ, ಎರಡು ಗಂಟು ಹಾಕಿದಳು.

"ಊರೊಳಗೆ ಹೋಗ್ಬ್ಯಾಡ. ತೋಟದ ಹಿಂದ್ಲ ದಾರೀಲಿ ಹೋಗು. ಹುಷಾರು ಅಣ್ಣಯ್ಯ, ಇಳಿಜಾರಲ್ಲಿ ಎರಡೂ ಬ್ರೇಕ್ ಹಿಡಿ."

ತಿರುವಿನಲ್ಲಿ ಅವನು ಹಿಂದಿರುಗಿ ನೋಡಿದ. ಬಾಗಿಲು ಹಾಕಿತ್ತು.

ಬೆಟ್ಟದ ಈ ಮಗ್ಗುಲ ಏರನ್ನು ಅವನು ಹೊರೆ ಹೊತ್ತು ಯಾವತ್ತೂ ಹತ್ತಿರಲಿಲ್ಲ. ಬರುವಾಗ ತುಂಬಿದ ಕ್ಯಾರಿಯರು, ಹೋಗುವಾಗ ತಂಗಿ ಕಟ್ಟಿಕೊಟ್ಟ ಒಬ್ಬಟ್ಟಿನ ಗಂಟು, ಅಷ್ಟೇ ಅವನ ಲೆಕ್ಕ. ಈಗ ಅದೇ ಅಕ್ಕಿ, ಅದೇ ಬೆಲ್ಲ, ಬೆಳಗಿಗಿಂತ ಮಣ ಹೆಚ್ಚಾಗಿ ಕೂತಿದ್ದವು. ಮಂಡಿ ನೋವು ಸೊಂಟಕ್ಕೆ ಹತ್ತಿತ್ತು. ಒಂದು ಕಡೆ ಕಾಲು ಸೋತು ಸೈಕಲ್ ಅವನನ್ನೇ ಹಿಂದಕ್ಕೆ ಎಳೆದುಕೊಂಡು ಬಂತು. ಬಂಡೆಗೆ ಬೆನ್ನು ಕೊಟ್ಟು ತಡೆದ. ಆಗಲೂ ಮೊದಲು ನೋಡಿದ್ದು ಮೊರವನ್ನು. ಮೊರ ನೆಟ್ಟಗಿತ್ತು. ಅವನು ಅಲ್ಲೇ, ಬಂಡೆಗೆ ಒರಗಿದ ಹಾಗೆಯೇ, ಬಿಕ್ಕಿಬಿಕ್ಕಿ ಅತ್ತ. ದ್ಯಾವಪ್ಪ ಸತ್ತಾಗ ಎಲ್ಲರಿಗೂ ಸಮಾಧಾನ ಹೇಳಿ ನಿಂತಿದ್ದವನು ಅವನು.

ನೆತ್ತಿಯ ಹೊರೆಗಲ್ಲು ತಲುಪಿದಾಗ ಹೊತ್ತು ದುರ್ಗದ ಬೆಟ್ಟದ ಹಿಂದೆ ಇಳಿಯುತ್ತಿತ್ತು. ಸ್ಟ್ಯಾಂಡು ಹಾಕಿ, ಮೊರ ಬಿಚ್ಚಿ, ಕಲ್ಲಿನ ಮೇಲಿಡಲು ಎತ್ತಿದ. ಎತ್ತಿದ ಕೈ ಅಲ್ಲೇ ತಡೆಯಿತು. ಇಷ್ಟು ವರ್ಷ, ಇಷ್ಟು ಬೆಟ್ಟ, ಜಡಿಮಳೆ, ಕೆಸರು. ಒಂದು ಸಲವೂ ನೆಲ ಮುಟ್ಟಿಸಿರಲಿಲ್ಲ. ದ್ಯಾವಪ್ಪ ಉಳಿದನೇ?

ಬಗ್ಗಿದ. ಕಲ್ಲಿನ ಬುಡದಲ್ಲಿ, ಬರಿಯ ಮಣ್ಣಿನ ಮೇಲೆ, ಮೊರ ಇಟ್ಟ. ಕೈ ಬಿಟ್ಟ.

ಏನೂ ಆಗಲಿಲ್ಲ. ಗಾಳಿ ಬೀಸುತ್ತಲೇ ಇತ್ತು. ಒಂದು ಇರುವೆ ಬೆಲ್ಲದ ವಾಸನೆ ಹಿಡಿದು ಮೊರದಂಚು ಹತ್ತಿತು. ಚಿಕ್ಕಮಾರಯ್ಯ ಅದರ ಮಗ್ಗುಲಿಗೇ ಕುಸಿದು ಕೂತ. ಬಹಳ ಕೆಳಗೆ, ಹಿಪ್ಪುನೇರಳೆಯ ಹಸಿರಿನ ನಡುವೆ, ಹುಳುವಿನ ಮನೆಯ ತಗಡು ಕೊನೆಯ ಬಿಸಿಲಿಗೆ ಒಂದು ಚೂರು ಹೊಳೆಯುತ್ತಿತ್ತು. ಅವಳು ಇನ್ನೂ ಅಲ್ಲೇ ಇದ್ದಾಳು. ನೋಡವ್ವ, ನೆಲಕ್ಕಿಟ್ಟೆ, ಏನೂ ಆಗ್ನಿಲ್ಲ, ಇದೆಲ್ಲ ಸುಳ್ಳು ಕಣವ್ವ, ಬಾಗಿಲು ತಗಿ ಎಂದು ಕೂಗಬೇಕೆನಿಸಿತು. ಕೂಗಿದರೆ ಅಷ್ಟು ದೂರ ದನಿ ಹೋಗುವುದಿಲ್ಲ. ಬೆಲ್ಲು ಹೋಗುತ್ತದೆ. ಈ ನೆತ್ತಿಯಲ್ಲಿ ಬೆಲ್ಲು ಹೊಡೆದರೆ ಗಾಳಿ ಕೂಡಿದ ದಿನ ಕಣಿವೆಗೆಲ್ಲ ಕೇಳುತ್ತದೆಂದು ದ್ಯಾವಪ್ಪನೇ ಹೇಳುತ್ತಿದ್ದ.

ಎದ್ದು ಬೆಲ್ಲಿನ ಮೇಲೆ ಕೈಯಿಟ್ಟ. ಬಟ್ಟೆಯಲ್ಲಿ ಅವಳ ತಲೆಯ ಎಣ್ಣೆಯ ಜಿಡ್ಡು, ಸೊಪ್ಪಿನ ವಾಸನೆ ಇತ್ತು. ಗಂಟಿನ ಮೇಲೆ ಹೆಬ್ಬೆರಳು ಆಡಿತು. ಎರಡು ಗಂಟು, ಸಣ್ಣವು, ಅಚ್ಚುಕಟ್ಟಾದವು. ಅವನು ಬಿಚ್ಚಲಿಲ್ಲ.

ಮೊರ ಎತ್ತಿ ಅಡಿಯ ಮಣ್ಣು ಒರೆಸಿ, ಇರುವೆಯನ್ನು ಊದಿ ಬಿಟ್ಟು, ಕ್ಯಾರಿಯರಿಗೆ ಕಟ್ಟಿದ. ಎರಡೂ ಬ್ರೇಕು ಹಿಡಿದು ಕುಣಿಗಲ್ಲಿನ ಕಡೆಯ ಇಳಿಜಾರಿಗೆ ಸೈಕಲ್ ಬಿಟ್ಟ. ದಾರಿಯ ತಗ್ಗುಗಳ ಮೇಲೆ ಚಕ್ರ ಎಗರಿದಾಗಲೆಲ್ಲ ಬಟ್ಟೆಯೊಳಗೆ ಬೆಲ್ಲು ಮಿಸುಕಾಡುತ್ತಿತ್ತು. ಅವನ ಅಂಗೈಗೆ ಅದು ಗೊತ್ತಾಗುತ್ತಿತ್ತು. ಕಿವಿಗೆ ಕೇಳುತ್ತಿರಲಿಲ್ಲ.